ನನ್ನ ಕಾಲಿನಲ್ಲಿ ಉಳಿದ ನಿಮ್ಮ ಪ್ಲೇಟು

ಮಾನ್ಯ ಆರೋಗ್ಯ ಮಂತ್ರಿಗಳೇ,

ನೀವು ಡಾಕ್ಟರಾಗಿದ್ದಾಗ ನನ್ನ ಬಲಗಾಲಿನ ಮುರಿದ ಮೂಳೆಗೆ ಕೂರಿಸಿದ ಸ್ಟೀಲ್ ಪ್ಲೇಟು ಇನ್ನೂ ಅಲ್ಲೇ ಇದೆ. ಅದರ ಒಂದು ಸ್ಕ್ರೂ ಸಡಿಲವಾಗಿ ಚರ್ಮವನ್ನು ಒಳಗಿನಿಂದ ತಳ್ಳುತ್ತಿದೆ. ತೆಗೆಸಿಕೊಡಿ ಎಂದು ಕೇಳಲು ಪತ್ರಿಕೆಯ ಹೊರತು ನನಗೆ ಬೇರೆ ಬಾಗಿಲು ಉಳಿದಿಲ್ಲ.

"ಮೂಳೆ ಕೂಡ್ಲಿ ಅಕ್ಕಾ, ಆಮೇಲೆ ನಾನೇ ತೆಗೀತೀನಿ" ಎಂದಿದ್ದಿರಿ. ಮೂಳೆ ಕೂಡುವಷ್ಟರಲ್ಲಿ ಶಾಸಕರಾದಿರಿ. ಆಮೇಲೆ ರಾಜ್ಯದ ಮಂತ್ರಿಯಾದಿರಿ, ಈಗ ಇಡೀ ದೇಶದ ಆರೋಗ್ಯವೇ ನಿಮ್ಮ ಕೈಯಲ್ಲಿದೆ. ಅದರಲ್ಲಿ ನನ್ನ ಒಂದು ಕಾಲು ಸೇರುತ್ತದೆಯೇ, ಇಲ್ಲವೇ? ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ನೀವು ಅಂಥವರಲ್ಲ, ಏಣಿಯನ್ನು ಸಭೆಯಿಂದ ಸಭೆಗೆ ಹೊತ್ತುಕೊಂಡು ತಿರುಗುತ್ತೀರಿ. ಪ್ರತಿ ಚುನಾವಣೆಗೂ ನಮ್ಮ ಬಾಗಿಲಿಗೆ ಕಾರು ಬರುತ್ತದೆ. "ಈ ಅಕ್ಕನ ಕಾಲು ತೆಗೀಬೇಕು ಅಂದಿದ್ರು, ಈಗ ನೋಡಿ" ಎಂದು ನೀವು ಮೈಕಿನಲ್ಲಿ ಹೇಳುತ್ತೀರಿ. ನಾನು ಹಲ್ಲು ಕಚ್ಚಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಮನೆಗೆ ಬಂದರೆ ಹೊಲಿಗೆ ಯಂತ್ರ ತುಳಿಯಲಾಗದೆ, ಅರ್ಧ ಹೊಲಿದ ಶಾಲೆಯ ಅಂಗಿಗಳನ್ನು ಮುಂದಿಟ್ಟುಕೊಂಡು ಅಳುತ್ತೇನೆ.

ಬೇರೆ ಡಾಕ್ಟರಿಲ್ಲವೇ ಎನ್ನಬೇಡಿ. ಖಾಸಗಿಯವರಿಗೆ ಕೊಡಲು ದುಡ್ಡಿಲ್ಲ. ಸರ್ಕಾರಿ ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಇದೇನು ದೊಡ್ಡ ಕೆಲಸ ಅಲ್ಲಮ್ಮ, ಬೆಳಗ್ಗೆ ಬಂದು ಸಂಜೆ ಹೋಗ್ಬಹುದು" ಎಂದರು. ಪ್ಲೇಟು ಹಾಕಿದವರು ಯಾರೆಂದು ಹೇಳಿದೆ. ಎಕ್ಸ್‌ರೇಯನ್ನು ಮೆಲ್ಲಗೆ ಕವರಿಗೆ ಹಾಕಿದರು. "ಮಂತ್ರಿಗಳು ಸರಿಮಾಡಿದ ಕಾಲನ್ನ ನಾನು ಮತ್ತೆ ಕುಯ್ದೆ ಅಂತಾದ್ರೆ, ನಾಳೆ ನನ್ನನ್ನ ಎಲ್ಲಿಗೆ ಎತ್ತಿ ಹಾಕ್ತಾರೋ. ಮಾತ್ರೆ ಬರ್ಕೊಡ್ತೀನಿ."

ಮನೆಯಲ್ಲಿ ಹೇಳೋಣವೆಂದರೆ, ನಿಮ್ಮ ಕೃಪೆಯಿಂದಲೇ ನನ್ನ ಯಜಮಾನರು ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದಾರೆ. ಕೆಲಸ ಕಾಯಂ ಅಲ್ಲ, ವರ್ಷ ವರ್ಷ ನಿಮ್ಮ ಕಚೇರಿಯಿಂದ ಒಂದು ಮಾತು ಹೋಗಬೇಕು.

"ನೋವು ಗೀವು ಅಂತ ಹೊರಗೆ ಬಾಯಿ ಬಿಡ್ಬೇಡ ಕಣೇ" ಎನ್ನುತ್ತಾರೆ. "ನನ್ನ ಕೆಲಸ ನಿನ್ನ ಕಾಲಿನ ಮೇಲೆ ನಿಂತಿದೆ."

ನೋಡಿ, ನಿಂತಿರುವವರು ಎಷ್ಟು ಜನ. ನೀವು, ನಿಮ್ಮ ಪಕ್ಷ, ನನ್ನ ಗಂಡ. ನನಗೇ ಜಾಗವಿಲ್ಲ. ಈ ಪತ್ರ ಅಚ್ಚಾದ ಮೇಲೆ ಅವರ ಲಿಫ್ಟ್ ಯಾವ ಮಹಡಿಯಲ್ಲಿ ನಿಲ್ಲುತ್ತದೋ ಎಂಬ ಭಯ ನನಗೂ ಇದೆ. ಆದರೆ ಹೊಲಿಗೆಯೂ ನಿಂತರೆ ಮನೆ ನಡೆಯುವುದಿಲ್ಲ.

ನೀವು ಕೆಟ್ಟ ಡಾಕ್ಟರಾಗಿರಲಿಲ್ಲ, ಅದೇ ನನ್ನ ಸಂಕಟ. ಆಪರೇಷನ್ ಆದ ಮರುದಿನ ನನ್ನ ಮಂಚದ ಪಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಕಾಲನ್ನು ಅಂಗೈಯಲ್ಲಿ ಹಿಡಿದು, "ನೋಯುತ್ತಾ ಅಕ್ಕಾ?" ಎಂದು ಕೇಳಿದ್ದಿರಿ. ನನ್ನ ಹೆತ್ತವರೂ ಅಷ್ಟು ಮೆತ್ತಗೆ ಕೇಳಿದವರಲ್ಲ.

ನನ್ನ ಬೇಡಿಕೆ ಇಷ್ಟೇ. ಈ ಪ್ಲೇಟನ್ನು ಯಾರು ಬೇಕಾದರೂ ತೆಗೆಯಬಹುದು, ತೆಗೆದವರಿಗೂ ಲಿಫ್ಟಿನವರಿಗೂ ತೊಂದರೆಯಾಗದು ಎಂದು ಬಹಿರಂಗವಾಗಿ ಹೇಳಿ. ಮುಂದಿನ ವಾರದ ಸಭೆಗೆ ಆಗಲೇ ಕರೆ ಬಂದಿದೆ. ಬರುತ್ತೇನೆ, ಆದರೆ ನಡೆಯುವುದಿಲ್ಲ. ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚುತ್ತೇನೆ. ಅಂದು ಕೇಳಿದ ಪ್ರಶ್ನೆಯನ್ನೇ ಮೈಕು ಹಿಡಿದು ಇನ್ನೊಮ್ಮೆ ಕೇಳಿ.

ಇಂತಿ,
ಮುಂದಿನ ವಾರ ಉತ್ತರ ಹೇಳಲಿರುವ
ನಿಮ್ಮ ಪ್ರಚಾರದ ಬಲಗಾಲು