ಅದೇ ವರನೊಂದಿಗೆ ಇನ್ನೊಂದು ಮದುವೆ

ಆಬರ್ನ್ ಹಿಲ್ಸ್
ಮೇ ೨, ೨೦೨೫

ಅಪ್ಪಾಜಿಗೆ ಶರಣು ಶರಣಾರ್ಥಿ,

ನನಗೆ ಕತಾರಿನ ದೋಹಾದಲ್ಲಿ ಕೆಲಸ ಸಿಕ್ಕಿದೆ, ಅದೂ ಟೀಮ್ ಲೀಡ್ ಆಗಿ, ಮತ್ತು ಈ ಖುಷಿಯಲ್ಲಿ ನನ್ನ ಕನ್ನಡ ಅಕ್ಷರ ಇನ್ನಷ್ಟು ಕೆಟ್ಟಿದೆ, ಕ್ಷಮಿಸಿ. ಮದುವೆಯಾದ ಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲ, ಅದಕ್ಕೂ ಕ್ಷಮಿಸಿ. ಫೋನ್ ಮಾಡಿದರೆ ನೀವು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನಾದರೂ ನೀವೇ ಓದುತ್ತೀರಿ ಎಂದುಕೊಂಡಿದ್ದೇನೆ.

ನನ್ನ ವೀಸಾದ ಮೇಲೆ ಕೇಶವ್ ಬರಬೇಕಲ್ಲ, "ನಾನಿನ್ನು ಹೆಂಡ್ತಿ ಡಿಪೆಂಡೆಂಟ್" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಅಲ್ಲಿನ ರೀತಿ ರಿವಾಜು ಕೇಳೋಣವೆಂದು, ದೋಹಾದಲ್ಲಿ ಬಹಳ ವರ್ಷ ಇದ್ದು ಬಂದ ದೀಪ್ತಿ ಆಂಟಿಯನ್ನು ಊಟಕ್ಕೆ ಕರೆದೆವು. ಭುಜ, ಮೊಣಕಾಲು ಮುಚ್ಚಿರಬೇಕು. ರಂಜಾನ್ ತಿಂಗಳ ಹಗಲಲ್ಲಿ ಬೀದಿಯಲ್ಲಿ ನೀರನ್ನೂ ಕುಡಿಯಬಾರದು. ಗಂಡಸರು ತಾವಾಗಿ ಕೈ ಚಾಚದಿದ್ದರೆ ನಾನು ಚಾಚಬಾರದು. "ಬ್ಯಾಗಲ್ಲಿ ಗಸಗಸೆ ಮಾತ್ರ ಒಯ್ಬೇಡಮ್ಮ, ಅಲ್ಲಿ ಅದು ಡ್ರಗ್ಸ್ ಲೆಕ್ಕ" ಎಂದರು. ಗಸಗಸೆ ಹಾಕುವ ಅವ್ವನ ಕರ್ಚಿಕಾಯಿಯೂ ಅಪರಾಧ, ಯೋಚಿಸಿ.

ಕೇಶವ್ ನನ್ನ ಹೆಗಲ ಮೇಲೆ ಕೈ ಹಾಕಿ ಕೂತಿದ್ದ. "ಅಲ್ಲಿ ರಸ್ತೇಲಿ ಹಿಂಗೆಲ್ಲ ಅಂಟ್ಕೊಂಡು ಓಡಾಡ್ಬೇಡಿಪ್ಪ. ಒಂದೇ ಮನೇಲಿ ಇರೋಕೂ ಮದುವೆ ಸರ್ಟಿಫಿಕೇಟ್ ಬೇಕು. ಇದೆ ತಾನೇ?" ಎಂದರು ಆಂಟಿ.

ಇರಲಿಲ್ಲ, ಅಪ್ಪಾಜಿ. ನಿಮ್ಮ ನೇಪರ್‌ವಿಲ್ ಮನೆಗೆ ಹತ್ತಿರವೆಂದು ನಾವು ಮದುವೆ ಲೈಸೆನ್ಸ್ ತೆಗೆದದ್ದು ಡುಪೇಜ್ ಕೌಂಟಿಯಲ್ಲಿ. ಮದುವೆ ನಡೆದ ಅರೋರಾದ ದೇವಸ್ಥಾನ ಇರುವುದು ಕೇನ್ ಕೌಂಟಿಯಲ್ಲಿ, ಜಿಲ್ಲೆಯೇ ಬೇರೆ. ಲೈಸೆನ್ಸ್ ತೆಗೆದ ಕೌಂಟಿಯಲ್ಲೇ ಮದುವೆಯಾಗಬೇಕಂತೆ. ಫೋನಿನಲ್ಲಿ ಕೌಂಟಿ ಆಫೀಸಿನವಳು ಬಹಳ ಮೃದುವಾಗಿ, ಸರ್ಟಿಫಿಕೇಟ್ ಕೊಡಲಾಗದು, ಹೊಸ ಲೈಸೆನ್ಸ್ ತೆಗೆದು ಇನ್ನೊಮ್ಮೆ ಮದುವೆಯಾಗಿ ಎಂದಳು. "ಅಂದ್ರೆ ಇಷ್ಟು ದಿನ ಯಾರದೋ ಮನೆ ಹುಡುಗಿಗೆ ಚಹಾ ಮಾಡಿಕೊಡ್ತಿದ್ನಾ?" ಎಂದ ಕೇಶವ್. ನಕ್ಕು ನಕ್ಕು ನಾನು ಅತ್ತುಬಿಟ್ಟೆ. ಅತ್ತದ್ದು ಯಾಕೆಂದು ಅವನಿಗೆ ಹೇಳಲಿಲ್ಲ.

ಮೇ ೧೬, ಶುಕ್ರವಾರ, ಡುಪೇಜ್ ಕೌಂಟಿಯದೇ ಆದ ವೀಟನ್ ಕೋರ್ಟಿನಲ್ಲಿ ಜಡ್ಜ್ ಮುಂದೆ ನಮ್ಮ ಮದುವೆ. ಬನ್ನಿ ಅಪ್ಪಾಜಿ. ಅವ್ವನಿಗೆ ನಮಸ್ಕಾರ, ಹೊಸ ಸೀರೆ ಬೇಡವೆಂದು ಹೇಳಿ.

ನಿಮ್ಮ ಆಶೀರ್ವಾದ ಬೇಡುವ
ಸುಚೇತಾ

ತಾ.ಕ.: ಮದುವೆಯ ದಿನ ನಮ್ಮನ್ನೆಲ್ಲ ದೇವಸ್ಥಾನಕ್ಕೆ ಕರೆತಂದದ್ದು ನೀವೇ. "ಲಿಂಗ ಕಟ್ಟಿಕೊಂಡಾಂವ ನಾ. ಬ್ಯಾರೆಯವರ ಗುಡಿಯೊಳಗ ಮಗಳನ್ನ ಧಾರಿ ಎರ್ದು ಕೊಡೂದಿಲ್ಲ" ಎಂದು ಕಾರಿನಲ್ಲೇ ಕೂತುಬಿಟ್ಟಿರಿ. ನನ್ನ ಕೈಯನ್ನು ಕೇಶವನ ಕೈಯಲ್ಲಿಟ್ಟದ್ದು ಸಂಗಮೇಶ ಕಾಕಾ. ಮದುವೆಯ ಆಲ್ಬಮ್ ನಾನಿನ್ನೂ ತೆರೆದಿಲ್ಲ. ಕತಾರಿನವರು ಸರ್ಟಿಫಿಕೇಟ್ ಕೇಳದೇ ಹೋಗಿದ್ದರೆ ಈ ಇನ್ನೊಂದು ಸಲ ನನಗೆ ಸಿಗುತ್ತಿರಲಿಲ್ಲ. ಕೋರ್ಟಿನಲ್ಲಿ ನಮ್ಮ ದೇವರೂ ಇಲ್ಲ, ಕೇಶವನ ಮನೆಯವರ ದೇವರೂ ಇಲ್ಲ. ಹುಡುಗಿಯ ತಂದೆ ಎಲ್ಲಿ ಎಂದು ಜಡ್ಜ್ ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ. ನಮ್ಮ ಕಾರು ಮಾರಿಯಾಯಿತು, ರೈಲಿಗೆ ಬರುತ್ತೇನೆ. ನೇಪರ್‌ವಿಲ್ ಸ್ಟೇಷನ್ನಿಗೆ ಅವ್ವನನ್ನು ಕಳಿಸಬೇಡಿ, ನೀವೇ ಬನ್ನಿ: ಮೇ ೧೫, ಗುರುವಾರ, ಶಿಕಾಗೋದಿಂದ ಸಂಜೆ ಬರುವ ಅರೋರಾ ರೈಲು.