ದೇವೀರಮ್ಮನ ಬೊಟ್ಟುಗಳು

ನಂಜನಗೂಡು
12-6-2025, ಗುರುವಾರ

ಕಳಲೆ ಊರಿನ ಜಗಲಿಯ ಮೇಲೆ ಆಸೀನರಾಗಿರುವ ಮಹಾಸಭೆಯ ಅಧ್ಯಕ್ಷಿಣಿ ಶ್ರೀಮತಿ ಚನ್ನಾಜಮ್ಮನವರೇ, ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳುತ್ತಿರುವ ಮೊಮ್ಮಗಳು ಕುಮಾರಿ ನಯನ ಅವರೇ, ಏನು ಕಾಗದ ಬಂತು ಎಂದು ಇಣುಕುತ್ತಿರುವ ಅಕ್ಕಪಕ್ಕದ ಮಹನೀಯರೇ, ಓಲೆಗರಿ ಭಂಡಾರದ ಅಮೃತೇಶನ ನಮಸ್ಕಾರಗಳು.

ಮೊದಲು ಒಂದು ಕೋರಿಕೆ. ಇಪ್ಪತ್ತಮೂರನೇ ತಾರೀಖು ಸೋಮವಾರ ನೀವೂ ತಿ. ನರಸೀಪುರದ ನಿಮ್ಮ ತಂಗಿ ಗುರುಮಲ್ಲಮ್ಮನವರೂ ನಿಮ್ಮ ತಾಯಿ ದೇವೀರಮ್ಮನವರ ಬೊಟ್ಟುಗಳನ್ನು ನೋಡಲು ಭಂಡಾರಕ್ಕೆ ಬರುವುದೆಂದು ಗೊತ್ತುಮಾಡಿದ್ದೀರಿ. ಈ ಕಾಗದ ಪೂರ್ತಿ ಕೇಳುವ ತನಕ ತಂಗಿಯನ್ನು ಹೊರಡಿಸಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಮೂರನೆಯ ಸಲ ಬೆಳಗ್ಗೆ ಏಳು ಗಂಟೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ನೆರೆಮನೆಯವರಿಗೂ ತಿಳಿಯಲಿ. ನಾಲ್ಕು ತಿಂಗಳ ಹಿಂದೆ ನಿಮ್ಮ ತಮ್ಮ ಬಸವಣ್ಣನವರು ಅಟ್ಟದಲ್ಲಿದ್ದ ಮನೆಮದ್ದಿನ ಓಲೆಕಟ್ಟನ್ನು ಹಳೇ ಟವೆಲಿನಲ್ಲಿ ಸುತ್ತಿ ತಂದುಕೊಟ್ಟರು. ನಲವತ್ತೆರಡು ಗರಿ. ಇಂಥವನ್ನು ಊರೂರು ತಿರುಗಿ ತರುವುದು, ದೂಳು ಒರೆಸಿ ಎಣ್ಣೆ ಸವರುವುದು, ಏನು ಬರೆದಿದೆ ಎಂದು ಪಟ್ಟಿ ಮಾಡುವುದು ನನ್ನ ಉದ್ಯೋಗ. ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕಿಂತ ಘನವಾದ ಕೆಲಸ ಸಿಗುವುದಿಲ್ಲ. ಬೇರೆ ಕೆಲಸವೂ ಸಿಗುವುದಿಲ್ಲ. ಪ್ರತಿ ಪೆಟ್ಟಿಗೆಯ ಮೇಲೂ ನನ್ನದೇ ರಚನೆ ಅಂಟಿಸಿದ್ದೇನೆ:

ಕೈ ತೊಳೆದು ಮುಟ್ಟಿ, ಓದಿ ಆದ ಮೇಲೆ ಕಟ್ಟಿ,
ಬಿಚ್ಚಿಟ್ಟು ಹೋದರೆ ಹುಳಕ್ಕೆ ಊಟ ಗಟ್ಟಿ.

ಅದನ್ನು ಓದಿ ನಯನ ನಕ್ಕಿದ್ದಳು. ನೀವಿಬ್ಬರೂ ಮೊದಲ ಸಲ ಬಂದ ದಿನ ಅದು. ಗರಿಗಳಲ್ಲಿ ಏನೇನಿದೆ ಎಂದು ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ. ನೀವು ಕೈ ಅಡ್ಡ ಹಿಡಿದಿರಿ.

"ಅಕ್ಸರ ನೀವೇ ಮಡೀಕಳಿ ಸಾ. ನಾನು ನಮ್ಮವ್ವನ ಬೊಟ್ ನೋಡ್ಕೊಂಡ್ ಓಗಕ್ ಬಂದಿವ್ನಿ."

ಯಾವ ಬೊಟ್ಟು ಎಂದು ಕೇಳಿದೆ. ನಿಮ್ಮವ್ವನಿಗೆ ಓದು ಬರುತ್ತಿರಲಿಲ್ಲವಂತೆ. ನಿಮ್ಮ ಅಜ್ಜ ಒಂದೊಂದೇ ಗರಿ ಓದಿ ಹೇಳಿದಂತೆಲ್ಲ, ಅರಿಶಿನಕ್ಕೆ ಸುಣ್ಣ ಕಲಸಿ ಅದರ ಅಂಚಿಗೆ ಹೆಬ್ಬೆಟ್ಟು ಒತ್ತಿದ್ದರಂತೆ. ಕೆಮ್ಮಿಗೆ ಒಂದು ಬೊಟ್ಟು, ಜ್ವರಕ್ಕೆ ಎರಡು, ಕೂಸಿನ ಹೊಟ್ಟೆನೋವಿಗೆ ಮೂರು. ಊರಿನ ಯಾವ ಮಗು ಅತ್ತರೂ ಬೊಟ್ಟು ಎಣಿಸಿ ಗರಿ ತೆಗೆದು ಎದುರಿಗಿಟ್ಟುಕೊಂಡು, ಕೇಳಿ ಕಲಿತ ಮದ್ದನ್ನು ಅರೆಯುತ್ತಿದ್ದರಂತೆ. ಅವರು ತೀರಿಕೊಂಡಾಗ ನಿಮಗೆ ಹತ್ತು ವರ್ಷ, ಗುರುಮಲ್ಲಮ್ಮನವರಿಗೆ ಎರಡು. ಮನೆಯಲ್ಲಿ ಅವರ ಒಂದು ಫೋಟೊ ಕೂಡ ಇಲ್ಲ.

ಇದನ್ನೆಲ್ಲ ನೀವು ಹೇಳುತ್ತಿದ್ದಾಗ ನಾನು ಕಪಾಟಿನ ಕಡೆ ಮುಖ ಮಾಡಿ ನಿಂತಿದ್ದೆ. ಏಕೆಂದರೆ ಆ ಕಟ್ಟು ಬಂದ ವಾರವೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನಲವತ್ತೆರಡು ಗರಿಗಳನ್ನೂ ಒರೆಸಿದ್ದೆ. ಅಂಚಿನ ಕೆಂಪು ಗುರುತುಗಳನ್ನು ಪಟ್ಟಿಯಲ್ಲಿ 'ಕಲೆ' ಎಂದು ಬರೆದಿದ್ದೆ. ಒಂದೂ ಉಳಿಯದಂತೆ ತೆಗೆದೆ. ಮೊಂಡು ಕಲೆಗೆ ಎರಡೆರಡು ಸಲ ಉಜ್ಜಿದೆ. ಗರಿಯಲ್ಲಿ ಕೊರೆದ ಗೆರೆಗಳಿಗೆ ಮಸಿ ತುಂಬಿದ ಮೇಲೆ ಅಕ್ಷರಗಳು ನಿನ್ನೆ ಬರೆದ ಹಾಗೆ ಎದ್ದು ಬಂದವು. ಆ ಸಂತೋಷಕ್ಕೆ ನನಗೆ ನಾನೇ ಒಂದು ಟೀ ಕೊಡಿಸಿಕೊಂಡೆ.

ನಯನ, ಇಲ್ಲಿ ಸ್ವಲ್ಪ ನಿಲ್ಲಿಸು. ಅಜ್ಜಿಗೆ ಕುಡಿಯಲು ನೀರು ಕೊಡು.

ನಿಮಗೆ ನಾನು ಆವತ್ತು ಹೇಳಿದ್ದು: ಗರಿಗಳಿಗೆ ಎಣ್ಣೆ ಹಚ್ಚಿದ್ದೇವೆ, ಆರಬೇಕು, ಹದಿನೈದು ದಿನ ಬಿಟ್ಟು ಬನ್ನಿ. ನೀವು ಬಸ್ಸಿಗೆ ಹೋದಿರಿ. ಸರಿಯಾಗಿ ಹದಿನೈದನೇ ದಿನ ಬಂದಿರಿ. ಗರಿ ಬಿಚ್ಚಿ ತೋರಿಸಿದೆ. ಅಂಚಿನಲ್ಲಿ ಬೊಟ್ಟುಗಳಿದ್ದವು. ನೀವು ಒಂದರ ಮೇಲೆ ನಿಮ್ಮ ಹೆಬ್ಬೆಟ್ಟು ಇಟ್ಟು ತುಂಬ ಹೊತ್ತು ಕೂತಿರಿ, ಆಮೇಲೆ ಗರಿಯನ್ನು ಕಣ್ಣಿಗೊತ್ತಿಕೊಂಡಿರಿ.

"ಇದೇಯ ಸಾ. ಗುರುಮಲ್ಲಿಗೂ ತೋರುಸ್ಬೇಕು. ಅವ್ಳಿಗೆ ಅವ್ವುನ್ ಮೊಕವೇ ಗ್ಯಾನ ಇಲ್ಲ."

ಒರೆಸಿದ್ದೆ ಅಂತೀಯ, ಇದ್ದವು ಅಂತೀಯ, ಇದೇನಯ್ಯ ಎಂದು ಸಭೆ ಕೇಳುತ್ತದೆ. ತಾಳ್ಮೆ ಇರಲಿ. ನನಗೂ ತಲೆ ಕೆಟ್ಟಿದೆ. ಪಟ್ಟಿಯಲ್ಲಿ ಈ ಕಟ್ಟಿನ ಮುಂದೆ 'ಸ್ಥಿತಿ: ಉತ್ತಮ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿದೆ. ಮತ್ತೆ ಬರೆದೆ. ಮತ್ತೆ ಹೊಡೆದೆ. ಅಕ್ಷರ ಒಂದೂ ಹೋಗಿಲ್ಲ, ಆದರೆ ಆ ಅಕ್ಷರ ನೋಡಲು ನಿಮ್ಮ ಮನೆಯಿಂದ ಯಾರೂ ಬರುವುದಿಲ್ಲ. ನೀವು ಅಷ್ಟು ಸಮಾಧಾನವಾಗಿ ಹೋದಿರಿ, ಈಗ ಬಾಯಿ ಬಿಟ್ಟು ಅದನ್ನೂ ಕಿತ್ತುಕೊಳ್ಳುವುದೇ ಎಂದು ಒಂದು ಮನಸ್ಸು. ನಿಮ್ಮೊಬ್ಬರ ವಿಷಯವಾಗಿದ್ದರೆ ಆ ಮನಸ್ಸಿನ ಮಾತೇ ಕೇಳುತ್ತಿದ್ದೆನೋ ಏನೋ. ಆದರೆ ಗುರುಮಲ್ಲಮ್ಮನವರಿಗೆ ತಾಯಿ ಎಂದರೆ ಇನ್ನು ಮುಂದೆ ಆ ಬೊಟ್ಟೇ ಆಗಿಬಿಡುತ್ತದೆ.

ಸಭೆ ಗಿಭೆ ಏನೂ ಇಲ್ಲ ಅಮ್ಮ. ಒರೆಸುವ ಮೊದಲು ತೆಗೆದ ಫೋಟೊಗಳಿದ್ದವು. ಅವನ್ನು ಮುಂದಿಟ್ಟುಕೊಂಡು, ಅಂಗಡಿಯಿಂದ ಅರಿಶಿನ ಸುಣ್ಣ ತಂದು ಕಲಸಿ, ಎಣಿಸಿ ಎಣಿಸಿ ಒತ್ತಿದೆ. ನೀವು ಕಣ್ಣಿಗೊತ್ತಿಕೊಂಡದ್ದು ನನ್ನ ಹೆಬ್ಬೆಟ್ಟು.

ಇಂತಿ,
ಅಮೃತೇಶ್

ತಾ.ಕ.: ಆ ಫೋಟೊಗಳ ಪ್ರತಿ ಲಕೋಟೆಯಲ್ಲಿದೆ. ಅದರಲ್ಲಿರುವ ಬೊಟ್ಟು ನಿಮ್ಮವ್ವನದೇ. ಗರಿಯ ಮೇಲಿನ ನನ್ನ ಬೊಟ್ಟುಗಳನ್ನು ಒರೆಸಬೇಕೋ ಬಿಡಬೇಕೋ ನೀವು ಹೇಳಿದ ಹಾಗೆ.

ನಯನ, ನೀನು ಮೊದಲು ಒಬ್ಬಳೇ ಓದಿಕೊಂಡು, ಅಜ್ಜಿ ನೊಂದುಕೊಳ್ಳುತ್ತಾರೆ ಎಂದು ಬೇರೇನೋ ಓದಿ ಹೇಳಬಹುದು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅದಕ್ಕೇ ಬಸವಣ್ಣನವರಿಗೂ ಇದೇ ಕಾಗದದ ಇನ್ನೊಂದು ಪ್ರತಿ ಹಾಕಿದ್ದೇನೆ.

ಇನ್ನೊಂದು ಉಳಿದಿದೆ ಅಮ್ಮ. ನೀವು ಗರಿಯನ್ನು ಕಣ್ಣಿಗೊತ್ತಿಕೊಂಡಾಗ ನನಗೆ ನಾಚಿಕೆಯಾದದ್ದು ಆಮೇಲೆ. ಮೊದಲು ಆದದ್ದು ಖುಷಿ, ಬಣ್ಣ ಸರಿಯಾಗಿ ಕೂತಿದೆ ಎಂದು.