ಹಾಯ್ಗುಳಿಯ ಹುಂಜ

ಹ್ವಾಯ್,

ಪೊಲೀಸರಿಗೆ ಸುದ್ದಿ ಕೊಡುತ್ತೀರೆಂದು ನಮ್ಮ ಅಂಗಳದಲ್ಲೇ ನಿಮ್ಮನ್ನು ಗುಂಡಿಟ್ಟು ಕೊಂದ ಆ ನಕ್ಸಲ, ಯತೀಶ, ಇವತ್ತು ಮನೆಗೆ ಬಂದಿದ್ದ. ಈಗ ಶರಣಾಗಿದ್ದಾನಂತೆ. ಹಾಲಾಡಿಯ ಶಾಂತಿ ಸಮಿತಿಯವರು ಕರೆತಂದಿದ್ದರು. ನಾನು ಅವನನ್ನು ಮಾತಾಡಿಸಿದೆನೆಂದು ತಿಳಿದರೆ ಕಾಡಿನಲ್ಲಿ ಉಳಿದವರೂ ಬಂದೂಕು ಬಿಟ್ಟು ಮಾತುಕತೆಗೆ ಬರುತ್ತಾರಂತೆ.

ಎಲ್ಲರಿಗೂ ಬೆಲ್ಲ, ನೀರು ಕೊಟ್ಟೆ. ಅವನಿಗೆ ಕೊಡಲಿಲ್ಲ.

ನಮ್ಮ ಮುದಿ ಹುಂಜ ಅವನ ಕಾಲ ಬಳಿ ಕೆದಕುತ್ತಿತ್ತು. "ಹರ್ಕಿ ಕೋಳಿಯಾ ಅಕ್ಕ?" ಎಂದ.

"ಹೌದ್. ನಿನ್ ಹೆಣ ಬಿದ್ ದಿನ ಹಾಯ್ಗುಳಿ ದೈವಕ್ಕೆ ಕೊಡುಕೆ."

ಸಮಿತಿಯವರು ಗಾಬರಿಯಾಗಿ ಎದ್ದರು. ಅವನು ಏಳಲಿಲ್ಲ. "ನಿಮ್ಗ್ ಎಂತ ಹೇಳ್ಕೋ ಹೇಳಿ ಅಕ್ಕ. ನಾ ಕೂಕಂತೆ."

ಹೇಳಿದೆ. ನಿನ್ನ ಕೈಗೆ ಹುಳ ಬೀಳಲಿ ಎಂದೆ, ನಿನ್ನ ವಂಶ ನಾಶವಾಗಲಿ ಎಂದೆ, ಗಂಟಲು ಒಣಗುವವರೆಗೆ ಶಪಿಸಿದೆ. ತಲೆ ತಗ್ಗಿಸಿ ಕೇಳಿದ. ಸಂಸಾರ ಮಾಡಿದ ಅಷ್ಟೂ ವರ್ಷ ನಿಮ್ಮ ಎದುರು ಕೂತು ನಾನು ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ.

ಹೊರಟು ನಿಂತಾಗ, "ನಾಳಿಗೂ ಬಾ. ನಂದ್ ಇನ್ನೂ ಮುಗಿಲಿಲ್ಲ" ಅಂದೆ.

ಕ್ಷಮಿಸಿದಳು ಅಂದುಕೊಳ್ಳಬೇಡಿ. ಹುಂಜಕ್ಕೆ ಈಗಷ್ಟೇ ಅಕ್ಕಿ ಹಾಕಿ ಬಂದೆ.